ಪದಚರ್ಚೆ: ವಿಕಿರಣಕ್ಕೆ ‘ಸುರಕ್ಷಿತ ಮಿತಿ’ ಎನ್ನಬಹುದೇ? ಡೋಸ್, ಮಿತಿ, ಮಟ್ಟಗಳ ವ್ಯತ್ಯಾಸ

ಪ್ರಶ್ನೆ:

ಜನಸಾಮಾನ್ಯರ ವಿಕಿರಣ ಸುರಕ್ಷತೆಯ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಮೂಲದಲ್ಲಿ ಡೋಸ್ ಲಿಮಿಟ್, ಡೋಸ್ ಕನ್‌ಸ್ಟ್ರೇಂಟ್, ರೆಫರೆನ್ಸ್ ಲೆವೆಲ್ ಎಂಬ ಮೂರು ಮಾತುಗಳಿವೆ. ಕರಡಿನಲ್ಲಿ ಮೂರಕ್ಕೂ ‘ಸುರಕ್ಷಿತ ಮಿತಿ’ ಎಂದೇ ಬಂದಿದೆ. ಇದರಿಂದ ಅರ್ಥ ಕೆಡುತ್ತದೆಯೇ? ಡೋಸ್‌ಗೆ ‘ಪ್ರಮಾಣ’, ಎಕ್ಸ್‌ಪೋಶರ್‌ಗೆ ‘ಒಡ್ಡಿಕೊಳ್ಳುವಿಕೆ’ ಸಾಕೇ? ಅಲಾರಾ (‘ಆಸ್ ಲೋ ಆಸ್ ರೀಸನಬ್ಲಿ ಅಚೀವಬಲ್’) ಎಂಬ ಸಂಕ್ಷೇಪವನ್ನು ಕನ್ನಡದಲ್ಲಿ ಹೇಗೆ ಬಿಡಿಸಿ ಬರೆಯುವುದು?

ಉತ್ತರ:

ಅರ್ಥ ಕೆಡುತ್ತದೆ. ಓದುಗ ನಿರ್ಧಾರ ತೆಗೆದುಕೊಳ್ಳಬೇಕಾದ ಜಾಗದಲ್ಲೇ ಕೆಡುತ್ತದೆ. ‘ಸುರಕ್ಷಿತ ಮಿತಿ’ ಎಂದು ಓದಿದವರು ಗೆರೆಯ ಈಚೆಗೆ ಏನೂ ಆಗದು, ಆಚೆಗೆ ಹೋದರೆ ಕಾಯಿಲೆ ಖಚಿತ ಎಂದುಕೊಳ್ಳುತ್ತಾರೆ. ಸಾರ್ವಜನಿಕರಿಗೆ ಗೊತ್ತುಮಾಡಿರುವ ವರ್ಷಕ್ಕೆ 1 ಮಿಲಿಸೀವರ್ಟ್ (ಸೀವರ್ಟ್ ವಿಕಿರಣ ಡೋಸಿನ ಮಾನ) ಎಂಬ ಸಂಖ್ಯೆ ಈ ಎರಡರಲ್ಲಿ ಯಾವುದನ್ನೂ ಹೇಳುವುದಿಲ್ಲ.

ವಿಕಿರಣದ ಹಾನಿಯಲ್ಲಿ ಎರಡು ಬಗೆ. ಚರ್ಮ ಕೆಂಪಾಗುವುದು, ಅಸ್ಥಿಮಜ್ಜೆ ಸೊರಗುವುದು, ಕಣ್ಣಿನ ಮಸೂರ ಮಬ್ಬಾಗುವುದು ಮೊದಲ ಬಗೆ. ಇವಕ್ಕೆ ಹೊಸ್ತಿಲು ಉಂಟು. ಅದರ ಕೆಳಗೆ ಇವು ಕಾಣಿಸಿಕೊಳ್ಳುವುದಿಲ್ಲ. ಕಣ್ಣಿನ ಮಸೂರಕ್ಕೆ ಈಗ ಇಟ್ಟುಕೊಂಡಿರುವ ಹೊಸ್ತಿಲು ಸುಮಾರು 0.5 ಗ್ರೇ (ದೇಹ ಹೀರಿದ ಶಕ್ತಿಯ ಮಾನ). ಇಂಥ ಹಾನಿಯ ಮಟ್ಟಿಗೆ ಮಿತಿಯನ್ನು ಹೊಸ್ತಿಲಿನ ಕೆಳಗೆ ಇಟ್ಟು ‘ಸುರಕ್ಷಿತ’ ಎನ್ನುವುದರಲ್ಲಿ ಅರ್ಥವಿದೆ. ಎರಡನೆಯ ಬಗೆ ಕ್ಯಾನ್ಸರ್ ಮತ್ತು ಸಂತಾನಕ್ಕೆ ಇಳಿಯಬಹುದಾದ ದೋಷ. ಇಲ್ಲಿ ಡೋಸ್ ಹೆಚ್ಚಿದಂತೆ ಹೆಚ್ಚುವುದು ಕಾಯಿಲೆಯ ತೀವ್ರತೆಯಲ್ಲ, ಅದು ಬರುವ ಸಂಭವ. ಈ ಸಂಭವ ಡೋಸಿನೊಂದಿಗೆ ನೇರ ಅನುಪಾತದಲ್ಲಿ ಏರುತ್ತದೆ, ಹೊಸ್ತಿಲು ಇಲ್ಲ ಎಂಬ ಊಹೆಯ ಮೇಲೆ ಇಂದಿನ ಮಾನಕಗಳೆಲ್ಲ ನಿಂತಿವೆ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ, ಅಂದರೆ ಐಸಿಆರ್‌ಪಿ, 2007ರ ಶಿಫಾರಸಿನಲ್ಲಿ ಇಡೀ ಜನಸಮುದಾಯಕ್ಕೆ ಕ್ಯಾನ್ಸರಿನ ಲೆಕ್ಕವನ್ನು ಒಂದು ಸೀವರ್ಟಿಗೆ ಶೇ 5.5 ಎಂದು ಇಟ್ಟುಕೊಂಡಿದೆ. ಆ ಪ್ರಕಾರ 1 ಮಿಲಿಸೀವರ್ಟಿಗೆ ಲಕ್ಷಕ್ಕೆ ಐದಾರು. ಸೊನ್ನೆಯಲ್ಲ. ಹಾಗೆಂದು ಲಕ್ಷಾಂತರ ಜನರ ಅತ್ಯಲ್ಪ ಡೋಸುಗಳನ್ನು ಕೂಡಿಸಿ ‘ಇಷ್ಟು ಸಾವು’ ಎಂದು ಬರೆಯಲು ಈ ಲೆಕ್ಕವನ್ನು ಬಳಸಬಾರದು ಎಂದು ಆಯೋಗವೇ ಎಚ್ಚರಿಸಿದೆ. ಇದು ಮಿತಿ ಗೊತ್ತುಮಾಡಲು ಕಟ್ಟಿದ ಲೆಕ್ಕ, ಸಾವುಗಳ ಎಣಿಕೆಯಲ್ಲ.

ಇದೇ ಜಾಗದಲ್ಲಿ ಅನುವಾದಕರು ಇನ್ನೊಂದು ಕಡೆ ಎಡವುತ್ತಾರೆ. ಸುಮಾರು 100 ಮಿಲಿಸೀವರ್ಟಿನ ಕೆಳಗೆ ಕ್ಯಾನ್ಸರಿನ ಹೆಚ್ಚಳವನ್ನು ಜನರ ನಡುವಿನ ಅಧ್ಯಯನಗಳಲ್ಲಿ ಬೇರ್ಪಡಿಸಿ ತೋರಿಸುವುದು ಕಷ್ಟ. ‘ಹೆಚ್ಚಳ ಗುರುತಿಸಲಾಗಿಲ್ಲ’ ಎಂಬುದು ಕನ್ನಡಕ್ಕೆ ಬರುವಾಗ ‘ಪರಿಣಾಮ ಇಲ್ಲ’ ಆಗಿಬಿಡುತ್ತದೆ. ಮೊದಲನೆಯದು ಅಳತೆಯ ಶಕ್ತಿಯ ಬಗ್ಗೆ, ಎರಡನೆಯದು ದೇಹದ ಬಗ್ಗೆ. ಎರಡನ್ನೂ ಬೆರೆಸಲೇಬಾರದು.

ಹಾಗಾದರೆ 1 ಎಲ್ಲಿಂದ ಬಂತು? 1990ರ ಶಿಫಾರಸಿನಲ್ಲಿ ಆಯೋಗ ಎರಡು ಕಡೆಯಿಂದ ನೋಡಿತು. ಬದುಕಿನುದ್ದಕ್ಕೂ ವರ್ಷಕ್ಕೆ 1ರಿಂದ 5 ಮಿಲಿಸೀವರ್ಟ್ ಬಿದ್ದರೆ ಒಟ್ಟು ಅಪಾಯ ಎಷ್ಟು ಎಂಬ ಲೆಕ್ಕ ಒಂದು. ರೇಡಾನ್ ಅನಿಲವನ್ನು ಬಿಟ್ಟರೆ ಪ್ರಕೃತಿಯಿಂದ ಬರುವ ಡೋಸ್ ವರ್ಷಕ್ಕೆ ಸುಮಾರು 1 ಮಿಲಿಸೀವರ್ಟ್, ಎತ್ತರದ ಜಾಗಗಳಲ್ಲೂ ಕೆಲವು ಬಗೆಯ ನೆಲದಲ್ಲೂ ಅದರ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು ಎಂಬ ಹೋಲಿಕೆ ಇನ್ನೊಂದು. ಇವೆರಡನ್ನೂ ತೂಗಿ ಸಮಾಜ ಒಪ್ಪಬಹುದಾದ ಅಂಚು ಇದು ಎಂದು ತೀರ್ಮಾನಿಸಿದರು. ಹೀಗಾಗಿ ಈ ಸಂಖ್ಯೆ ವಿಜ್ಞಾನವನ್ನು ಮುಂದಿಟ್ಟುಕೊಂಡು ಮಾಡಿದ ನಿರ್ಣಯ. ‘ಮಿತಿ’ ಎಂಬ ಪದ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ‘ಸುರಕ್ಷಿತ’ ಎಂಬ ವಿಶೇಷಣವನ್ನು ಮಾತ್ರ ಕಿತ್ತುಹಾಕಿ. ‘ಡೋಸ್ ಮಿತಿ’ ಸಾಕು.

ಹಳೆಯ ದಾಖಲೆಗಳು ಕೈಪಿಡಿಯಲ್ಲಿ ಉಲ್ಲೇಖವಾಗಿದ್ದರೆ ಆಯಾ ಕಾಲದ ಪದವನ್ನು ಹಾಗೇ ಉಳಿಸಿ, ಯಾಕೆಂದರೆ ಪದ ಬದಲಾದದ್ದಕ್ಕೆ ಕಾರಣವಿದೆ. 1925ರಲ್ಲಿ ಭೌತವಿಜ್ಞಾನಿ ಮುಟ್‌ಷೆಲ್ಲರ್ ಸೂಚಿಸಿದ್ದು ‘ಸಹನೀಯ ಡೋಸ್’: ಚರ್ಮ ಕೆಂಪಾಗಿಸುವ ಡೋಸಿನ ನೂರನೆಯ ಒಂದು ಭಾಗ, ತಿಂಗಳಿಗೆ. 1934ರಲ್ಲಿ ಅಂತರರಾಷ್ಟ್ರೀಯ ಸಮಿತಿ ಹೇಳಿದ್ದು ದಿನಕ್ಕೆ 0.2 ರೋಂಟ್‌ಜನ್ (ವಿಕಿರಣದ ಹಳೆಯ ಮಾನ). ದೇಹ ಇಷ್ಟನ್ನು ತಾಳಿಕೊಳ್ಳುತ್ತದೆ ಎಂಬ ನಂಬಿಕೆ ಆ ಪದದೊಳಗೇ ಇತ್ತು. ಎಕ್ಸ್-ಕಿರಣದಿಂದ ಹಣ್ಣುನೊಣಗಳಲ್ಲಿ ಆನುವಂಶಿಕ ಬದಲಾವಣೆ ಆಗುತ್ತದೆಂದು ತಳಿವಿಜ್ಞಾನಿ ಮುಲ್ಲರ್ 1927ರಲ್ಲಿ ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಗುತ್ತ ಹೋಯಿತು. ಎರಡನೆಯ ಮಹಾಯುದ್ಧದ ನಂತರ ‘ಗರಿಷ್ಠ ಅನುಮತ ಡೋಸ್’ ಬಂತು, ಅದೂ ಹೋಗಿ ‘ಡೋಸ್ ಮಿತಿ’ ಬಂತು. ಜನಸಾಮಾನ್ಯರಿಗೆಂದು ಬೇರೆ ಸಂಖ್ಯೆ ಮೂಡಿದ್ದೂ 1950ರ ದಶಕದಲ್ಲೇ: ವರ್ಷಕ್ಕೆ 0.5 ರೆಮ್, ಇಂದಿನ ಲೆಕ್ಕದಲ್ಲಿ 5 ಮಿಲಿಸೀವರ್ಟ್. 1985ರ ಪ್ಯಾರಿಸ್ ಹೇಳಿಕೆಯಲ್ಲಿ ಅದು 1ಕ್ಕೆ ಇಳಿಯಿತು. ರೆಮ್‌ನಿಂದ ಸೀವರ್ಟಿಗೆ ಬರುವಾಗ ಹತ್ತು ಪಟ್ಟು ತಪ್ಪುವುದು ಆಗಾಗ ಕಾಣುತ್ತದೆ. 100 ರೆಮ್ ಅಂದರೆ 1 ಸೀವರ್ಟ್, 100 ಮಿಲಿರೆಮ್ ಅಂದರೆ 1 ಮಿಲಿಸೀವರ್ಟ್.

ಇನ್ನು ನಿಮ್ಮ ಮೂರು ಪದಗಳು.

ಡೋಸ್ ಮಿತಿ ಒಬ್ಬ ವ್ಯಕ್ತಿಯ ಲೆಕ್ಕ. ಮೊದಲೇ ಯೋಜಿಸಿ ನಿಯಂತ್ರಣದಲ್ಲಿಟ್ಟ ಎಲ್ಲ ಮೂಲಗಳಿಂದ ಆ ವ್ಯಕ್ತಿಗೆ ವರ್ಷದಲ್ಲಿ ಸೇರುವ ಒಟ್ಟು ಡೋಸಿಗೆ ಇದು ಅನ್ವಯ. ಸಾರ್ವಜನಿಕರಿಗೆ 1 ಮಿಲಿಸೀವರ್ಟ್, ಅದರ ಜೊತೆಗೆ ಕಣ್ಣಿನ ಮಸೂರಕ್ಕೆ 15, ಚರ್ಮಕ್ಕೆ 50. ವಿಕಿರಣದೊಡನೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವ ಒಂದೇ ವರ್ಷದಲ್ಲೂ 50 ದಾಟುವಂತಿಲ್ಲ. ಪ್ರಕೃತಿಯಿಂದ ಬರುವುದು, ರೋಗಿಯಾಗಿ ಪಡೆಯುವುದು ಈ ಲೆಕ್ಕದೊಳಗಿಲ್ಲ. ಆದ್ದರಿಂದ ‘ಹೆಚ್ಚುವರಿ’ ಎಂಬ ಪದ ವಾಕ್ಯದಲ್ಲಿ ಇರಲೇಬೇಕು: ‘ವರ್ಷಕ್ಕೆ ಹೆಚ್ಚುವರಿಯಾಗಿ 1 ಮಿಲಿಸೀವರ್ಟ್’. ಅದನ್ನು ಬಿಟ್ಟರೆ, ಪ್ರಕೃತಿಯಿಂದಲೇ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ಬರುವಾಗ 1ರ ಮಿತಿ ಹೇಗೆ ಸಾಧ್ಯ ಎಂದು ಓದುಗ ಕೇಳುತ್ತಾನೆ. ಕೇಳುವುದು ನ್ಯಾಯವೇ.

ಕನ್‌ಸ್ಟ್ರೇಂಟ್ ಒಂದು ಮೂಲದ ಲೆಕ್ಕ. ಒಬ್ಬನೇ ವ್ಯಕ್ತಿಗೆ ಎರಡು ಮೂರು ಕಡೆಯಿಂದ ವಿಕಿರಣ ಬೀಳಬಹುದಾದ್ದರಿಂದ ಒಂದೇ ಸ್ಥಾವರ ಇಡೀ 1 ಮಿಲಿಸೀವರ್ಟನ್ನು ನುಂಗುವಂತಿಲ್ಲ. ವಿಕಿರಣಶೀಲ ತ್ಯಾಜ್ಯದ ವಿಲೇವಾರಿಗೆ ಐಸಿಆರ್‌ಪಿ ಹೇಳುವುದು ವರ್ಷಕ್ಕೆ 0.3. ವಿನ್ಯಾಸ ಮಾಡುವಾಗಲೇ ಇದನ್ನು ಎದುರಿಗಿಟ್ಟುಕೊಳ್ಳುತ್ತಾರೆ. ದಾಟಿದರೆ ಅದು ತನ್ನಷ್ಟಕ್ಕೇ ಅಪರಾಧವಲ್ಲ, ಗೋಡೆಯ ದಪ್ಪವನ್ನೋ ಚಿಮಣಿಯ ಸೋಸುವಿಕೆಯನ್ನೋ ಮತ್ತೆ ಪರಿಶೀಲಿಸಿ ಎಂಬ ಸೂಚನೆ. ‘ನಿರ್ಬಂಧ’ ಎಂದರೆ ನಿಷೇಧದ ಛಾಯೆ ಬರುತ್ತದೆ. ‘ಅಂಕೆ’ ಒಳ್ಳೆಯ ಪದ, ಆದರೆ ಸಂಖ್ಯೆಗಳೇ ತುಂಬಿದ ಪುಟದಲ್ಲಿ ಅದನ್ನು ‘ಅಂಕಿ’ ಎಂದು ಓದಿಕೊಳ್ಳುವ ಸಾಧ್ಯತೆ ಹೆಚ್ಚು. ನನ್ನ ಆಯ್ಕೆ ‘ಮೂಲವಾರು ಮೇಲಂಚು’. ಮೊದಲ ಓದಿಗೇ ಅರ್ಥ ಬಿಟ್ಟುಕೊಡುತ್ತದೆ.

ರೆಫರೆನ್ಸ್ ಲೆವೆಲ್ ಬರುವುದು ಮೂಲ ನಮ್ಮ ಹಿಡಿತದಲ್ಲಿ ಇಲ್ಲದಿರುವಾಗ: ಅಪಘಾತ ನಡೆಯುತ್ತಿದೆ, ಅಥವಾ ನೆಲ ಆಗಲೇ ಮಲಿನವಾಗಿದೆ. ತುರ್ತು ಸ್ಥಿತಿಗೆ 20ರಿಂದ 100 ಮಿಲಿಸೀವರ್ಟ್, ಈಗಾಗಲೇ ಇರುವ ಮಾಲಿನ್ಯದೊಡನೆ ಬಾಳುವ ಸ್ಥಿತಿಗೆ ವರ್ಷಕ್ಕೆ 1ರಿಂದ 20, ಈ ಪಟ್ಟಿಯೊಳಗೆ ಒಂದನ್ನು ಆಡಳಿತ ಆರಿಸಿಕೊಳ್ಳಬೇಕು. ಆ ಮಟ್ಟಕ್ಕಿಂತ ಮೇಲಿರುವವರಿಂದ ಕೆಲಸ ಶುರುಮಾಡಬೇಕು, ಕೆಳಗೆ ಬಂದವರ ಡೋಸನ್ನೂ ಇಳಿಸುತ್ತಲೇ ಹೋಗಬೇಕು. ಒಟ್ಟಿನಲ್ಲಿ ಇದು ಪರವಾನಗಿಯಲ್ಲ, ಕೆಲಸದ ಸರದಿ ಗೊತ್ತುಮಾಡುವ ಗೆರೆ. ‘ಆಧಾರ ಮಟ್ಟ’ ಎಂದರೆ ಹಿನ್ನೆಲೆ ವಿಕಿರಣದೊಡನೆ ಗೊಂದಲವಾಗುತ್ತದೆ. ‘ಉಲ್ಲೇಖ ಮಟ್ಟ’ ಸಪ್ಪೆಯಾದರೂ ದಾರಿತಪ್ಪಿಸುವುದಿಲ್ಲ. ಅದನ್ನೇ ಇಟ್ಟು, ಮೊದಲ ಸಲ ಬಂದಾಗ ಮೇಲಿನ ವಿವರಣೆಯನ್ನು ಒಂದು ಪೂರ್ತಿ ವಾಕ್ಯದಲ್ಲಿ ಕೊಡಿ.

ಈ ವ್ಯತ್ಯಾಸವನ್ನು ಜನರಿಗೆ ಹೇಳದಿದ್ದರೆ ಏನಾಗುತ್ತದೆ ಎಂಬುದು 2011ರಲ್ಲಿ ಪರಮಾಣು ಸ್ಥಾವರದ ಅಪಘಾತದ ನಂತರ ಫುಕುಶಿಮಾದಲ್ಲಿ ಕಂಡಿತು. ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರ ಶಾಲೆಗಳ ಅಂಗಳಕ್ಕೆ ಗಂಟೆಗೆ 3.8 ಮೈಕ್ರೋಸೀವರ್ಟ್ ಎಂಬ ಸಂಖ್ಯೆ ಕೊಟ್ಟಿತು. ಲೆಕ್ಕ ಹೀಗೆ: ಮಗು ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮನೆಯೊಳಗೆ, ಒಳಗೆ ವಿಕಿರಣ ಹೊರಗಿನ 0.4 ಪಟ್ಟು. 8 ಕೂಡಿಸು 16 ಗುಣಿಸು 0.4, ಅಂದರೆ 14.4. ಅದನ್ನು 3.8ರಿಂದ ಗುಣಿಸಿದರೆ ದಿನಕ್ಕೆ 54.7 ಮೈಕ್ರೋಸೀವರ್ಟ್, 365 ದಿನಕ್ಕೆ ಸುಮಾರು 20 ಮಿಲಿಸೀವರ್ಟ್. ಆ 20 ಉಲ್ಲೇಖ ಮಟ್ಟದ ಪಟ್ಟಿಯ ತುದಿ. ಆದರೆ ವಿಕಿರಣ ಕೆಲಸಗಾರರ ಡೋಸ್ ಮಿತಿಯ ಸರಾಸರಿಯೂ 20. ‘ಕೆಲಸಗಾರರ ಮಿತಿಯನ್ನು ಮಕ್ಕಳಿಗೆ ಹಾಕುತ್ತೀರಾ’ ಎಂದು ಹೆತ್ತವರು ಕೆರಳಿದರು. ಮೇ ತಿಂಗಳಲ್ಲಿ ಶಿಕ್ಷಣ ಸಚಿವಾಲಯ ಶಾಲೆಯಲ್ಲಿ ಬೀಳುವ ಡೋಸನ್ನು ವರ್ಷಕ್ಕೆ 1ಕ್ಕೆ ಇಳಿಸುವುದು ಗುರಿ ಎಂದು ಹೇಳಬೇಕಾಯಿತು. ಎರಡು 20ಗಳೂ ಬೇರೆ ಬೇರೆ ಜಾತಿಯವು ಎಂಬುದು ನಿಜ. ಹೆತ್ತವರ ಆಕ್ಷೇಪ ಪದದ ಅಜ್ಞಾನದಿಂದ ಬಂದದ್ದು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪಟ್ಟಿಯ ಮೇಲ್ತುದಿಯನ್ನೇ ಮಕ್ಕಳಿಗೆ ಯಾಕೆ ಆರಿಸಿದಿರಿ, ಎಷ್ಟು ದಿನಕ್ಕೆ, ಇಳಿಸುವ ಯೋಜನೆ ಏನು ಎಂಬ ಪ್ರಶ್ನೆ ಪದ ಸರಿಯಾದ ಮೇಲೂ ಉಳಿಯುತ್ತದೆ. ಪದ ಸರಿಯಿದ್ದರೆ ಆ ಪ್ರಶ್ನೆಯನ್ನು ನೇರವಾಗಿ ಕೇಳಲು ಬರುತ್ತದೆ, ಅಷ್ಟೆ.

ಅಲ್ಲಿಯೇ ಮುಂದೆ ಬಂದ ಗಂಟೆಗೆ 0.23 ಮೈಕ್ರೋಸೀವರ್ಟ್ ಎಂಬ ಸಂಖ್ಯೆಗೂ ಇದೇ ಲೆಕ್ಕ. ವರ್ಷಕ್ಕೆ 1 ಮಿಲಿಸೀವರ್ಟ್ ಆಗಲು ಗಂಟೆಗೆ 0.19 ಬೇಕು, ನೆಲದಿಂದ ಮೊದಲೇ ಬರುತ್ತಿದ್ದ 0.04 ಸೇರಿ 0.23. ಯಾರಾದರೂ 0.23ನ್ನು 8760 ಗಂಟೆಗಳಿಂದ ಗುಣಿಸಿ ‘2 ಮಿಲಿಸೀವರ್ಟ್ ಆಯಿತು, ಸರ್ಕಾರ ಸುಳ್ಳು ಹೇಳಿದೆ’ ಎಂದರೆ ಅವರು ಮನೆಯೊಳಗಿನ ಇಳಿಕೆಯನ್ನೂ ಹಿನ್ನೆಲೆಯನ್ನೂ ಬಿಟ್ಟಿದ್ದಾರೆ ಎಂದರ್ಥ. ಊಹೆಗಳನ್ನು ಸಂಖ್ಯೆಯ ಪಕ್ಕದಲ್ಲೇ ಅಚ್ಚುಹಾಕಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

‘ಪ್ರಮಾಣ’ದ ವಿಷಯ. ‘ವಿಕಿರಣದ ಪ್ರಮಾಣ ಹೆಚ್ಚಾಗಿದೆ’ ಎಂಬ ವಾಕ್ಯಕ್ಕೆ ಕನಿಷ್ಠ ನಾಲ್ಕು ಅರ್ಥ ಸಾಧ್ಯ. ವಸ್ತುವಿನಲ್ಲಿ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತಿವೆ ಎಂಬುದು ಬೆಕೆರೆಲ್. ಒಂದು ಕಿಲೋಗ್ರಾಂ ದೇಹದ್ರವ್ಯ ಎಷ್ಟು ಜೂಲ್ ಶಕ್ತಿಯನ್ನು ಹೀರಿತು ಎಂಬುದು ಗ್ರೇ. ಅದಕ್ಕೆ ವಿಕಿರಣದ ಬಗೆಯ ತೂಕ ಸೇರಿಸಿದರೆ ಅಂಗದ ಡೋಸ್, ಸೀವರ್ಟಿನಲ್ಲಿ; ಗಾಮಾ ಮತ್ತು ಬೀಟಾಗೆ ತೂಕ 1, ಆಲ್ಫಾಗೆ 20. ಅಂಗಗಳ ತೂಕವನ್ನೂ ಹಾಕಿ ಕೂಡಿಸಿದರೆ ಇಡೀ ದೇಹದ ಪರಿಣಾಮಿ ಡೋಸ್, ಅದೂ ಸೀವರ್ಟಿನಲ್ಲೇ. ಕೊನೆಯ ಎರಡಕ್ಕೂ ಮಾನ ಒಂದೇ ಆದ್ದರಿಂದ ಇಲ್ಲಿಯೇ ಅತಿ ಹೆಚ್ಚು ತಪ್ಪುಗಳು. ಥೈರಾಯಿಡ್ ಗ್ರಂಥಿಯ ತೂಕ 0.04. ಆ ಗ್ರಂಥಿಗೆ 50 ಮಿಲಿಸೀವರ್ಟ್ ಬಿದ್ದರೆ ಪರಿಣಾಮಿ ಡೋಸಿಗೆ ಅದರ ಕೊಡುಗೆ ಬರೀ 2. ‘50 ಮಿಲಿಸೀವರ್ಟ್ ಬಿತ್ತು’ ಎಂದು ಅಂಗದ ಹೆಸರಿಲ್ಲದೆ ಬರೆದರೆ ಓದುಗನಿಗೆ ಇಪ್ಪತ್ತೈದು ಪಟ್ಟು ಹೆಚ್ಚು ಹೆದರಿಕೆ ಕೊಟ್ಟಂತೆ.

ಹಾಗಾಗಿ ‘ಡೋಸ್’ ಎಂದೇ ಇರಲಿ. ಲಸಿಕೆಯಿಂದಾಗಿ ಆ ಪದ ಎಲ್ಲರ ಬಾಯಲ್ಲಿದೆ. ಅಲ್ಲಿ ಡೋಸ್ ‘ಕೊಡುತ್ತಾರೆ’, ಇಲ್ಲಿ ಡೋಸ್ ‘ಬೀಳುತ್ತದೆ’ ಅಥವಾ ‘ಸೇರುತ್ತದೆ’. ಕ್ರಿಯಾಪದವೇ ವ್ಯತ್ಯಾಸವನ್ನು ತೋರಿಸುತ್ತದೆ. ‘ಮಾತ್ರೆ’ ಬೇಡ, ಗುಳಿಗೆ ಎಂದೇ ಅರ್ಥವಾಗುತ್ತದೆ. ಡೋಸಿನ ದರ ಹೇಳುವಾಗ ‘ಗಂಟೆಗೆ’ ಎಂಬುದನ್ನು ನುಂಗಬೇಡಿ. ಗಂಟೆಗೆ 0.1 ಮೈಕ್ರೋಸೀವರ್ಟ್ ಒಂದು ವರ್ಷ ಪೂರ್ತಿ ಸುರಿದರೆ 0.88 ಮಿಲಿಸೀವರ್ಟ್. ಕಾಲ ಇಲ್ಲದ ದರಕ್ಕೆ ಅರ್ಥವೇ ಇಲ್ಲ.

ಆಹಾರ ಮತ್ತು ನೀರಿನ ಮಟ್ಟಗಳು ಬೆಕೆರೆಲ್‌ನಲ್ಲಿ ಇರುತ್ತವೆ, ಆದರೆ ಅವು ಹುಟ್ಟುವುದು ಮಿಲಿಸೀವರ್ಟಿನಿಂದ. ಇವನ್ನು ‘ವ್ಯುತ್ಪನ್ನ ಮಿತಿ’ ಎನ್ನುವುದಕ್ಕಿಂತ ‘ಲೆಕ್ಕದಿಂದ ಪಡೆದ ಮಟ್ಟ’ ಎನ್ನುವುದು ಲೇಸು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡದ್ದು ವರ್ಷಕ್ಕೆ 0.1 ಮಿಲಿಸೀವರ್ಟ್. ವಯಸ್ಕ ದಿನಕ್ಕೆ 2 ಲೀಟರಿನಂತೆ ವರ್ಷಕ್ಕೆ 730 ಲೀಟರ್ ಕುಡಿಯುತ್ತಾನೆ. ವಿಕಿರಣಶೀಲ ಸೀಸಿಯಂ-137ರ ಒಂದು ಬೆಕೆರೆಲ್ ಹೊಟ್ಟೆಗೆ ಹೋದರೆ 0.013 ಮೈಕ್ರೋಸೀವರ್ಟ್. ಲೀಟರಿಗೆ 10 ಬೆಕೆರೆಲ್ ಇದ್ದರೆ ವರ್ಷಕ್ಕೆ 95 ಮೈಕ್ರೋಸೀವರ್ಟ್, ಅಂದರೆ 0.1ರ ಒಳಗೆ. ಸೀಸಿಯಂ-137ಕ್ಕೆ ಲೀಟರಿಗೆ 10 ಎಂಬ ಮಟ್ಟ ಬಂದದ್ದು ಹೀಗೆ.

ಆಹಾರದಲ್ಲಿ ಜಪಾನ್ 2012ರ ಏಪ್ರಿಲ್‌ನಿಂದ ಸೀಸಿಯಂಗೆ ಕಿಲೋಗೆ 100 ಬೆಕೆರೆಲ್ ಇಟ್ಟಿತು, ಆಹಾರ ಮಾನಕಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಆಯೋಗ ಕೋಡೆಕ್ಸ್ ದೇಶದೇಶಗಳ ನಡುವಿನ ವ್ಯಾಪಾರಕ್ಕೆ 1000 ಇಟ್ಟಿದೆ. ‘ಹತ್ತು ಪಟ್ಟು ಕಠಿಣ’ ಎಂಬ ತಲೆಬರಹ ಸುಲಭ. ಆದರೆ ಇಬ್ಬರೂ ಹೊರಟದ್ದು 1 ಮಿಲಿಸೀವರ್ಟಿನಿಂದಲೇ. ತಿನ್ನುವುದರಲ್ಲಿ ಹತ್ತನೆಯ ಒಂದು ಭಾಗ ಮಾತ್ರ ಮಲಿನವಾದ ಆಮದು ಎಂದು ಕೋಡೆಕ್ಸ್ ಊಹಿಸಿತು. ವರ್ಷಕ್ಕೆ 550 ಕಿಲೋ ಆಹಾರದಲ್ಲಿ 55 ಕಿಲೋ, ಕಿಲೋಗೆ 1000 ಬೆಕೆರೆಲ್, ಒಟ್ಟು ಸುಮಾರು 0.7 ಮಿಲಿಸೀವರ್ಟ್. ಜಪಾನಿನವರು ಸ್ವದೇಶದ್ದೇ ಬೆಳೆ ತಿನ್ನುವವರಿಗಾಗಿ ಲೆಕ್ಕ ಹಾಕಿದ್ದರಿಂದ ಅರ್ಧ ಆಹಾರ ಮಲಿನ ಎಂದು ಹಿಡಿದರು, ನೀರಿನ ಪಾಲನ್ನು ಕಳೆದರು, ಹೆಚ್ಚು ತಿನ್ನುವ ಹದಿಹರೆಯದ ಹುಡುಗರ ಲೆಕ್ಕದಲ್ಲಿ ಬಂದ 120ನ್ನು 100ಕ್ಕೆ ಇಳಿಸಿದರು. ಒಂದೇ ಡೋಸಿಗೆ ಎರಡು ತಟ್ಟೆ.

ಅಲಾರಾ. ಇದರ ಇತಿಹಾಸವೇ ಒಂದು ಪದಚರ್ಚೆ. 1959ರ ಶಿಫಾರಸಿನಲ್ಲಿ ‘ಆಚರಣೆಗೆ ತರಬಲ್ಲಷ್ಟು ಕಡಿಮೆ’ ಎಂದಿತ್ತು, 1966ರಲ್ಲಿ ‘ಸುಲಭವಾಗಿ ಸಾಧಿಸಬಲ್ಲಷ್ಟು’ ಎಂದಾಯಿತು, ಜೊತೆಗೆ ಆರ್ಥಿಕ, ಸಾಮಾಜಿಕ ಅಂಶಗಳನ್ನು ಗಣನೆಗೆ ತೆಗೆದುಕೊಂಡು ಎಂಬ ಷರತ್ತು; 1973ರಲ್ಲಿ ‘ಸುಲಭವಾಗಿ’ ಹೋಗಿ ‘ಯುಕ್ತವಾಗಿ’ ಬಂತು. ‘ಆದಷ್ಟು ಕಡಿಮೆ’ ಎಂದರೆ ಯಾವ ಬೆಲೆ ತೆತ್ತಾದರೂ ಎಂಬರ್ಥ ಬರುತ್ತದೆ. ‘ತಕ್ಕಮಟ್ಟಿಗೆ ಕಡಿಮೆ’ ಎಂದರೆ ಉದಾಸೀನ ಕಾಣುತ್ತದೆ. ‘ವಿವೇಚಿಸಿ ಸಾಧಿಸಬಹುದಾದಷ್ಟು ಕಡಿಮೆ’ ನನಗೆ ಸರಿಯೆನಿಸುತ್ತದೆ, ಏಕೆಂದರೆ ವಿವೇಚನೆ ಇಲ್ಲಿ ಅಲಂಕಾರದ ಮಾತಲ್ಲ. ಫುಕುಶಿಮಾದಲ್ಲಿ ತರಾತುರಿಯಲ್ಲಿ ತೆರವು ಮಾಡಿದಾಗ ಹಾಸಿಗೆ ಹಿಡಿದಿದ್ದ ವೃದ್ಧ ರೋಗಿಗಳು ದಾರಿಯಲ್ಲೂ ತಲುಪಿದ ಜಾಗದಲ್ಲೂ ಪ್ರಾಣ ಬಿಟ್ಟರು. ಡೋಸನ್ನು ತಪ್ಪಿಸುವ ಕ್ರಮಕ್ಕೂ ತನ್ನದೇ ಹಾನಿ ಇದೆ. ಅದನ್ನೂ ತೂಗಬೇಕು ಎಂಬುದೇ ಆ ಪದದ ಕೆಲಸ.

ಎಕ್ಸ್‌ಪೋಶರ್‌ಗೆ ‘ಒಡ್ಡಿಕೊಳ್ಳುವಿಕೆ’ಯಲ್ಲಿ ಆ ವ್ಯಕ್ತಿ ತಾನೇ ಮೈಯೊಡ್ಡಿದ ಎಂಬ ಧ್ವನಿ ಇದೆ. ‘ಒಡ್ಡಿಕೆ’ ಚಿಕ್ಕದು, ಯಾರ ಮೇಲೂ ಹೊಣೆ ಹೊರಿಸುವುದಿಲ್ಲ. ‘ವಿಕಿರಣ ತಗುಲಿದವರು’ ಎಂಬುದನ್ನಂತೂ ದಯವಿಟ್ಟು ಬಳಸಬೇಡಿ. ಎಕ್ಸ್-ಕಿರಣ ಹಾದುಹೋದ ಮೈಯಿಂದ ಇನ್ನೊಬ್ಬರಿಗೆ ಏನೂ ಹರಡುವುದಿಲ್ಲ. ಹರಡಬಲ್ಲದ್ದು ಬಟ್ಟೆ, ಕೂದಲಿಗೆ ಅಂಟಿದ ವಿಕಿರಣಶೀಲ ಧೂಳು. ಮೇಲುಡುಪು ಕಳಚಿ ತೊಳೆದರೆ ಬಹುಪಾಲು ಹೋಗುತ್ತದೆ. ‘ತಗುಲು’ ಎಂಬ ಒಂದೇ ಕ್ರಿಯಾಪದ ಎರಡನ್ನೂ ಸೋಂಕಿನಂತೆ ಕಾಣಿಸಿ, ಸಂತ್ರಸ್ತರನ್ನು ಜನ ದೂರವಿಡುವಂತೆ ಮಾಡುತ್ತದೆ.

ಮರುಪ್ರಶ್ನೆ:

ಆಸ್ಪತ್ರೆಯ ಅಧ್ಯಾಯದಲ್ಲೂ ರೆಫರೆನ್ಸ್ ಲೆವೆಲ್ ಎಂಬ ಮಾತು ಬರುತ್ತದೆ. ಅಲ್ಲಿಯೂ ಉಲ್ಲೇಖ ಮಟ್ಟವೇ? ಕಮಿಟೆಡ್ ಡೋಸ್‌ಗೆ ಏನು ಬರೆಯುವುದು? ‘ಐಸಿಆರ್‌ಪಿ ನಿಯಮದಂತೆ’ ಎಂದು ಬರೆದದ್ದು ಸರಿಯೇ?

ಉತ್ತರ:

ಆಸ್ಪತ್ರೆಯದು ಬೇರೆ ವಸ್ತು. ರೋಗಿಗೆ ಡೋಸ್ ಮಿತಿ ಇಲ್ಲ, ಏಕೆಂದರೆ ಲಾಭವೂ ಅಪಾಯವೂ ಒಬ್ಬರದೇ. ಮಿತಿ ಹಾಕಿದರೆ ಬೇಕಾದ ಸಿ.ಟಿ. ಸ್ಕ್ಯಾನೂ ನಿಂತುಹೋದೀತು. ಅಲ್ಲಿ ಹಲವು ಆಸ್ಪತ್ರೆಗಳು ಒಂದೇ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಡೋಸುಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ನೂರರಲ್ಲಿ ಎಪ್ಪತ್ತೈದನೆಯದನ್ನು ಗುರುತಿಸುತ್ತಾರೆ. ಸದಾ ಅದಕ್ಕಿಂತ ಮೇಲಿರುವ ಆಸ್ಪತ್ರೆ ತನ್ನ ಯಂತ್ರವನ್ನೂ ವಿಧಾನವನ್ನೂ ಪರಿಶೀಲಿಸಬೇಕು. ಒಬ್ಬ ರೋಗಿಯ ಡೋಸನ್ನು ಅದರೊಡನೆ ಹೋಲಿಸುವಂತಿಲ್ಲ. ‘ರೋಗನಿದಾನದ ಹೋಲಿಕೆ ಮಟ್ಟ’ ಎನ್ನಿ, ಉಲ್ಲೇಖ ಮಟ್ಟದಿಂದ ಬೇರೆಯಾಗಿ ನಿಲ್ಲುತ್ತದೆ.

ಐಸಿಆರ್‌ಪಿ ನಿಯಮ ಮಾಡುವುದಿಲ್ಲ, ಶಿಫಾರಸು ಮಾಡುತ್ತದೆ. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಅನ್‌ಸ್ಕಿಯರ್ ಪುರಾವೆಗಳ ವರದಿ ಕೊಡುತ್ತದೆ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮಾನಕ ಪ್ರಕಟಿಸುತ್ತದೆ, ನಿಯಮವಾಗುವುದು ಆಯಾ ದೇಶದ ಕಾನೂನಿನಲ್ಲಿ. ವರದಿ, ಶಿಫಾರಸು, ಮಾನಕ, ನಿಯಮ ಈ ನಾಲ್ಕನ್ನು ಅದಲುಬದಲು ಮಾಡಿದರೆ ಯಾರನ್ನು ಪ್ರಶ್ನಿಸಬೇಕು ಎಂಬುದೇ ಓದುಗನಿಗೆ ತಿಳಿಯದೆ ಹೋಗುತ್ತದೆ.

ಕಮಿಟೆಡ್ ಡೋಸ್ ಕಷ್ಟದ್ದು. ದೇಹದೊಳಗೆ ಹೋದ ವಿಕಿರಣಶೀಲ ವಸ್ತು ಮುಂದೆ ವರ್ಷಗಟ್ಟಲೆ ಕೊಡಲಿರುವ ಡೋಸನ್ನೆಲ್ಲ ಅದು ಒಳಹೋದ ವರ್ಷದ ಖಾತೆಗೇ ಬರೆಯುತ್ತಾರೆ: ವಯಸ್ಕರಿಗೆ ಮುಂದಿನ 50 ವರ್ಷದ್ದು, ಮಕ್ಕಳಿಗೆ 70 ವಯಸ್ಸು ತುಂಬುವವರೆಗಿನದು. ಮೇಲಿನ ನೀರು, ಆಹಾರದ ಲೆಕ್ಕದಲ್ಲಿರುವುದೂ ಇದೇ ಡೋಸ್. ಹಾಗಾಗಿ ‘ವರ್ಷಕ್ಕೆ 0.1’ ಎಂದರೆ ಆ ವರ್ಷ ಕುಡಿದ ನೀರಿನಿಂದ ಬರುವುದೆಲ್ಲ, ಆ ವರ್ಷದಲ್ಲಿ ಬಿದ್ದದ್ದು ಮಾತ್ರವಲ್ಲ. ‘ಬದ್ಧ ಡೋಸ್’ ಎಂಬ ಅಕ್ಷರಶಃ ಅನುವಾದದಿಂದ ಇದೊಂದೂ ಹೊಳೆಯುವುದಿಲ್ಲ. ಸದ್ಯಕ್ಕೆ ‘ಒಳಸೇರಿಕೆಯ ಒಟ್ಟು ಡೋಸ್’ ಎಂದು ಬಳಸಬಹುದು. ಅದರಲ್ಲಿ ಮುಂದಿನ ವರ್ಷಗಳ ಸುಳಿವು ಇಲ್ಲ ಎಂಬ ಕೊರತೆ ಉಳಿದಿದೆ. ಕಾಲವನ್ನೂ ಹಿಡಿದಿಡುವ ಎರಡು ಪದಗಳ ಜೋಡಿ ಯಾರಿಗಾದರೂ ಹೊಳೆದರೆ ಕೈಪಿಡಿ ಅಚ್ಚಿಗೆ ಹೋಗುವ ಮುನ್ನ ತಿಳಿಸಿ.